ಮಂಜಿಯ ಕಣದ ಬಿಸಿಲು

ಹೊನ್ನೆಕೈಯಲ್ಲಿ ನೀರಿಗೆ ಬರವಿಲ್ಲ, ಬಿಸಿಲಿಗೆ ಬರ. ಸಿದ್ದಾಪುರದಿಂದ ನಿಲ್ಕುಂದದ ಕಡೆ ಹೋಗುವ ಬಸ್ಸಿನ ಕಂಡಕ್ಟರುಗಳು ಆ ಊರು ಬಂದರೆ "ಕತ್ತಲೆ ಸ್ಟಾಪು" ಎಂದೇ ಕೂಗುತ್ತಾರೆ, ಊರಿನವರೂ ಸಿಟ್ಟಿಲ್ಲದೆ ಇಳಿದು ಹೋಗುತ್ತಾರೆ. ಕಾಡು ಊರಿನ ಮೈಮೇಲೇ ಬಿದ್ದುಕೊಂಡಿದೆ. ಮರ ಬಿಟ್ಟುಕೊಟ್ಟ ಕಡೆ ಮಾತ್ರ ಬಿಸಿಲು ನೆಲಕ್ಕೆ ಇಳಿಯುತ್ತದೆ, ಅಂಥ ಜಾಗಕ್ಕಾಗಿ ಅಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟ ಉದಾಹರಣೆ ಬೇಕಾದಷ್ಟಿದೆ. ಹಾಗಾಗಿ ಹಿಂದಿನವರು ಒಂದು ಪದ್ಧತಿ ಮಾಡಿಟ್ಟಿದ್ದರು. ಯಾರೇ ಮನೆ ಕಟ್ಟಲಿ, ಕೊಟ್ಟಿಗೆ ಕಟ್ಟಲಿ, ಮೊದಲು ನೆರಳು ನೋಡಬೇಕು. ಏಳಲಿರುವ ಗೋಡೆಯಷ್ಟೇ ಎತ್ತರದ ಬಿದಿರು ಗಳವನ್ನು ಗಡಿಯಲ್ಲಿ ನಿಲ್ಲಿಸಿ, ನಡುಮಧ್ಯಾಹ್ನ ಅದರ ನೆರಳು ಯಾರ ಜಾಗಕ್ಕೆ ಹೋಗುತ್ತದೆಂದು ಹತ್ತು ಜನರ ಮುಂದೆ ನೋಡಬೇಕು. ಪಕ್ಕದವರಿಗೆ ತೊಂದರೆಯಿಲ್ಲ ಎಂದಾದರೆ ಅವರು ವೀಳ್ಯ ತಗೊಂಡು ಒಪ್ಪಿಗೆ ಕೊಡಬೇಕು. ಒಮ್ಮೆ ವೀಳ್ಯ ತಗೊಂಡ ಮೇಲೆ ತಕರಾರು ಎತ್ತುವ ಹಾಗಿಲ್ಲ.

ಎರಡು ಸಾವಿರದ ಎರಡನೇ ಇಸವಿಯ ಮೇ ತಿಂಗಳಲ್ಲಿ ಆ ಊರಿಗೆ ಸಮುದಾಯ ಭವನ ಮಂಜೂರಾಯಿತು. ಭವನ ಸಮಿತಿಗೆ ದಿನಕರ ಹೆಗಡೆಯವರು ಅಧ್ಯಕ್ಷರು. ಆ ಊರಿನಲ್ಲಿ ಸಮಿತಿ ಯಾವುದೇ ಇರಲಿ, ಅಧ್ಯಕ್ಷರು ಅವರೇ. ಕೆಟ್ಟ ಮನುಷ್ಯರಲ್ಲ, ಆದರೆ ತಾವು ಹಿಡಿದ ಕೆಲಸ ಊರಿನ ಉದ್ಧಾರಕ್ಕೇ ಎಂದು ಎಷ್ಟು ಗಟ್ಟಿಯಾಗಿ ನಂಬಿದ್ದರೆಂದರೆ, ಅಡ್ಡ ಬಂದವರು ಊರಿನ ವೈರಿಗಳಾಗಿಯೇ ಕಾಣುತ್ತಿದ್ದರು. ಮಳೆಗಾಲಕ್ಕೆ ಮೊದಲು ಅಡಿಪಾಯ ಬೀಳದಿದ್ದರೆ ಮಂಜೂರಾತಿ ವಾಪಸು ಹೋದೀತೆಂದು ಅವರು ಅವಸರ ಹಿಡಿಸಿದರು. ಆರಿಸಿದ ಜಾಗದ ಉತ್ತರಕ್ಕೆ ಬೇಲಿ, ಬೇಲಿ ದಾಟಿದರೆ ಕೆರಿಯನ ಹೆಂಡತಿ ಮಂಜಿಯ ಕಣ.

ಕಣವೆಂದರೆ ಭತ್ತದ ಕಣವಲ್ಲ. ಮಂಜಿ ಮತ್ತು ಅವಳ ಕೇರಿಯ ನಾಲ್ಕಾರು ಹೆಂಗಸರು ಸೇರಿ ಅಲ್ಲಿ ಸುಕೇಳಿ ಮಾಡುತ್ತಿದ್ದರು. ಕಳಿತ ಬಾಳೆಹಣ್ಣಿನ ಸಿಪ್ಪೆ ಸುಲಿದು, ಬಿದಿರಿನ ತಟ್ಟಿಯ ಮೇಲೆ ಸಾಲಾಗಿ ಹರಡಿ, ನೊಣ ಕೂರದಂತೆ ತೆಳುಬಟ್ಟೆ ಮುಚ್ಚಿ, ದಿನಾ ಮಗುಚುತ್ತ ಒಣಗಿಸಿದರೆ ಹಣ್ಣು ಕುಗ್ಗಿ ಜೇನಿನ ಬಣ್ಣಕ್ಕೆ ಬರುತ್ತದೆ. ಮಳೆ ಹೋದ ಮೇಲಿನ ಚಳಿಗಾಲದ ಗಟ್ಟಿ ಬಿಸಿಲು ಅದಕ್ಕೆ ಬೇಕೇ ಬೇಕು. ಬಿಸಿಲು ಕಡಿಮೆಯಾದರೆ ಹಣ್ಣು ಒಣಗುವ ಬದಲು ಹುಳಿಯುತ್ತದೆ. ಸಿರಸಿ, ಸಿದ್ದಾಪುರದ ಅಂಗಡಿಗಳಲ್ಲಿ ಮಂಜಿಯ ಸುಕೇಳಿಗೆ ಹೆಸರಿತ್ತು. ಆ ಹೆಸರಿನ ಮೇಲೆಯೇ ನಾಲ್ಕು ಮನೆಯ ಹೆಂಗಸರು ಯಾರ ಮುಂದೂ ಕೈಯೊಡ್ಡದೆ ಬದುಕಿದ್ದರು. ಮೂರು ಕಡೆ ಕಾಡು, ದಕ್ಷಿಣಕ್ಕೆ ಮಾತ್ರ ಬಯಲು. ಆ ಬಯಲಿನಲ್ಲಿಯೇ ಈಗ ಭವನ ಏಳಬೇಕಿತ್ತು.

ನೆರಳು ನೋಡುವ ದಿನ ದಿನಕರ ಹೆಗಡೆಯವರು ತಮ್ಮನ ಹೆಂಡತಿ ವೇದಾಳನ್ನು ಕರೆಸಿಕೊಂಡರು. ವೇದಾ ಬಸ್ಸಿನಲ್ಲಿ ಅರ್ಧ ತಾಸಿನ ಹಾದಿಯಲ್ಲಿದ್ದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಊರಿಗೆಲ್ಲ ಅವಳು ಅಕ್ಕೋರು. ಮನೆಯಲ್ಲೇ ವಿಜ್ಞಾನ ಇರುವಾಗ ಬರೀ ಗಳ ಯಾಕೆ ನೋಡಬೇಕು, ಅಕ್ಕೋರೂ ಒಂದು ಮಾತು ಹೇಳಲಿ ಎಂದು ಭಾವ ಎಲ್ಲರ ಮುಂದೆ ಹೇಳಿದಾಗ ವೇದಾಳಿಗೆ ಹಿತವಾಯಿತು. ಸುಳ್ಳು ಯಾಕೆ ಹೇಳಬೇಕು, ಚೆನ್ನಾಗಿಯೇ ಹಿತವಾಯಿತು. ಆ ಮನೆಗೆ ಬಂದ ಹದಿನಾರು ವರ್ಷಗಳಲ್ಲಿ ಅವಳ ಮಾತಿಗಾಗಿ ಯಾರಾದರೂ ಕಾದು ನಿಂತದ್ದು ಅದೇ ಮೊದಲು.

ಗಳ ನಿಲ್ಲಿಸಿದರು. ನೆತ್ತಿಯ ಮೇಲೆ ಸೂರ್ಯ. ಅಷ್ಟೆತ್ತರದ ಗಳಕ್ಕೆ ಬುಡದಲ್ಲಿ ಮೊಳದಷ್ಟು ನೆರಳು, ಅದೂ ದಕ್ಷಿಣಕ್ಕೆ, ಮಂಜಿಯ ಕಣಕ್ಕೆ ಬೆನ್ನು ಹಾಕಿ ಬಿದ್ದಿತ್ತು. ಜನ ತಲೆಯಾಡಿಸಿದರು. ಮಂಜಿಗೆ ಮಾತ್ರ ಸಮಾಧಾನವಿರಲಿಲ್ಲ. ಯಾಕೆಂದು ಕೇಳಿದರೆ ಹೇಳಲು ಅವಳಿಗೂ ಬರಲಿಲ್ಲ. ವೀಳ್ಯದ ತಟ್ಟೆಯನ್ನು ಮುಟ್ಟದೆ, ಅಕ್ಕೋರು ಏನಂತಾರೆ ಎಂದು ಕೇಳಿದಳು.

"ನಿನ್ನ ಕಣಕ್ಕೆ ನೆರಳು ಬರೋದಿಲ್ಲ ಮಂಜಿ" ಎಂದಳು ವೇದಾ. "ನಾನು ಹೇಳ್ತೇನೆ, ತಗೋ."

ಮಂಜಿ ವೀಳ್ಯ ತಗೊಂಡಳು.

ಜೂನಿನಲ್ಲಿ ಮಳೆ ಹಿಡಿಯಿತು. ಅಡಿಪಾಯದ ಕಲ್ಲಿಗೆ ಪಾಚಿ ಕಟ್ಟಿತು. ಮಳೆ ತುಸು ಬಿಡುವು ಕೊಟ್ಟದ್ದೇ ಕಡಲ ಬದಿಯಿಂದ ಬಂದ ಮೇಸ್ತ್ರಿ ಜಟ್ಟಪ್ಪ ಗೋಡೆ ಏರಿಸತೊಡಗಿದ. ವೇದಾ ದಿನಾ ಬಸ್ಸಿಳಿದು ಆ ಗೋಡೆಯ ಪಕ್ಕದಲ್ಲೇ ಮನೆಗೆ ಹೋಗುತ್ತಿದ್ದಳು, ಅದರಲ್ಲಿ ನೋಡುವಂಥದ್ದೇನೂ ಅವಳಿಗೆ ಕಾಣಲಿಲ್ಲ. ಕಂಡದ್ದು ದೀಪಾವಳಿ ಕಳೆದ ಮೇಲೆ, ಅದೂ ಶಾಲೆಯಲ್ಲಿ, ಋತುಗಳ ಪಾಠ ಮಾಡುವಾಗ.

ಈ ಪಾಠವನ್ನು ಅವಳು ವರ್ಷವೂ ಮಾಡುತ್ತಿದ್ದಳು. ಮೇಜಿನ ಮೇಲೆ ಚಿಮಣಿ ಬುಡ್ಡಿ, ಅದು ಸೂರ್ಯ. ಕೈಯಲ್ಲಿ ಗ್ಲೋಬು. ಬುಡ್ಡಿಯ ಕಡೆ ಮುಖ ಮಾಡಿ, ದೇವರಿಗೆ ಪ್ರದಕ್ಷಿಣೆ ಬಂದ ಹಾಗೆ ಮೇಜಿಗೆ ಸುತ್ತು ಬರುತ್ತಿದ್ದಳು. ಈ ಕಡೆ ನಿಂತು ಬೇಸಿಗೆ ಎನ್ನುತ್ತಿದ್ದಳು, ಆ ಕಡೆ ನಿಂತು ಚಳಿಗಾಲ ಎನ್ನುತ್ತಿದ್ದಳು, ಮಕ್ಕಳು ಬರೆದುಕೊಳ್ಳುತ್ತಿದ್ದರು. ಅವಳು ತಿರುಗಿದ ಹಾಗೆ ಕೈಯಲ್ಲಿದ್ದ ಭೂಮಿಯೂ ತಿರುಗುತ್ತಿತ್ತು, ಅದರ ತಲೆ ಯಾವಾಗಲೂ ಬುಡ್ಡಿಯ ಕಡೆಗೇ ವಾಲಿರುತ್ತಿತ್ತು. ಹಾಗಾದರೆ ಬೇಸಿಗೆ ಹೋಗಿ ಚಳಿಗಾಲ ಬಂದದ್ದು ಹೇಗೆಂದು ಯಾವ ಮಗುವೂ ಕೇಳಲಿಲ್ಲ, ಅಕ್ಕೋರಿಗೂ ಹೊಳೆಯಲಿಲ್ಲ. ಪುಸ್ತಕದಲ್ಲಿ ಸರಿಯಾಗಿಯೇ ಬರೆದಿತ್ತು, ಅವಳ ಬಾಯಿಗೂ ಅದು ಸರಿಯಾಗಿಯೇ ಬರುತ್ತಿತ್ತು, ಕೈ ಮಾತ್ರ ತಪ್ಪು ಪಾಠ ಮಾಡುತ್ತಿತ್ತು.

ಆ ವರ್ಷ ತರಗತಿಯ ಮಾಡು ಸೋರಿ, ಮಕ್ಕಳನ್ನು ಇಕ್ಕಟ್ಟಿನ ಬೇರೆ ಕೋಣೆಗೆ ತುಂಬಿದ್ದರು. ಮೇಜಿನ ಸುತ್ತ ಬೆಂಚು ಒತ್ತೊತ್ತಾಗಿದ್ದರಿಂದ ಸುತ್ತು ಬರಲು ಜಾಗವಿರಲಿಲ್ಲ. ವೇದಾ ಗ್ಲೋಬನ್ನು ಸ್ಟ್ಯಾಂಡಿನ ಸಮೇತ ಬೆಂಚಿನಿಂದ ಬೆಂಚಿಗೆ ಮೆಲ್ಲಗೆ ಜರುಗಿಸಿದಳು. ಭೂಮಿಯ ತಲೆ ಕಿಟಕಿಯ ಕಡೆ ವಾಲಿದ್ದು ಹಾಗೆಯೇ ಉಳಿಯಿತು. ನಮ್ಮ ಊರು ಎಲ್ಲಿದೆಯೆಂದು ಮಕ್ಕಳಿಗೆ ಗೊತ್ತಾಗಲೆಂದು ಅವಳು ಆ ಜಾಗದಲ್ಲಿ ಜೇಡಿಮಣ್ಣಿನಿಂದ ಬೆಂಕಿಕಡ್ಡಿಯ ತುಣುಕೊಂದನ್ನು ಅಂಟಿಸಿದ್ದಳು. ತಲೆ ಬುಡ್ಡಿಯ ಕಡೆ ವಾಲಿದ್ದಾಗ ಕಡ್ಡಿಗೆ ನೆರಳೇ ಇಲ್ಲವೆನ್ನುವಷ್ಟು ಕಡಿಮೆ, ಇದ್ದಷ್ಟು ಲಂಕೆಯ ದಿಕ್ಕಿಗೆ. ಗ್ಲೋಬು ಬುಡ್ಡಿಯ ಆಚೆ ಬದಿಗೆ ಹೋದದ್ದೇ, ವಾಲಿದ ತಲೆ ಬೆಳಕಿನಿಂದ ದೂರವಾಯಿತು. ಬೆಳಕು ನಮ್ಮ ಮೇಲೆ ಓರೆಯಾಗಿ ಬಿತ್ತು. ಕಡ್ಡಿಯ ನೆರಳು ಉದ್ದವಾಗಿ ದೆಹಲಿಯ ದಿಕ್ಕಿಗೆ ಚಾಚಿಕೊಂಡಿತು.

ವೇದಾ ಬಗ್ಗಿ ನೋಡಿದಳು. ಮತ್ತೆ ಈಚೆ ತಂದಳು, ಮತ್ತೆ ಆಚೆ ಒಯ್ದಳು. ಮಕ್ಕಳು ಅಕ್ಕೋರು ಆಟ ಹಿಡಿದಿದ್ದಾರೆಂದು ಕಿಸಕ್ಕೆಂದು ನಕ್ಕರು. ಮೇ ತಿಂಗಳಲ್ಲಿ ಸೂರ್ಯ ನಮ್ಮ ನೆತ್ತಿಯನ್ನೂ ದಾಟಿ ಉತ್ತರಕ್ಕೆ ಹೋಗಿರುತ್ತಾನೆ, ಆಗ ನೆರಳು ದಕ್ಷಿಣಕ್ಕೆ. ಸುಕೇಳಿ ಒಣಗುವ ಕಾಲದಲ್ಲಿ ಅವನು ದಕ್ಷಿಣದಲ್ಲಿ ಕೆಳಗಿರುತ್ತಾನೆ, ಆಗ ನೆರಳೆಲ್ಲ ಉತ್ತರಕ್ಕೆ, ಅಂದರೆ ಮಂಜಿಯ ಕಣಕ್ಕೆ. ಹೊನ್ನೆಕೈಯಲ್ಲಿ ಹಿಂದೆಲ್ಲ ಮನೆ ಕೆಲಸ ಶುರುವಾಗುತ್ತಿದ್ದದ್ದು ಕೊಯ್ಲು ಮುಗಿದ ಚಳಿಯ ದಿನಗಳಲ್ಲಿ, ನೆರಳು ನೋಡುತ್ತಿದ್ದದ್ದೂ ಆಗಲೇ. ಈ ಸಲ ಪದ್ಧತಿ ಬಿಡಲಿಲ್ಲ, ಕಾಲ ಮಾತ್ರ ಬಿಟ್ಟರು. ನೆತ್ತಿ ದಾಟಿದ ಸೂರ್ಯನನ್ನು ಸಾಕ್ಷಿಗೆ ಕರೆದು ಚಳಿಗಾಲದ ತೀರ್ಪು ಕೊಟ್ಟವಳು ತಾನೇ.

ಆ ಭಾನುವಾರ ಮಧ್ಯಾಹ್ನ ಅವಳು ಭವನದ ಹತ್ತಿರ ಹೋದಳು. ಗೋಡೆ ಇನ್ನೂ ಕಿಟಕಿಯ ಮಟ್ಟ ದಾಟಿತ್ತಷ್ಟೆ, ನೆರಳು ಆಗಲೇ ಬೇಲಿ ಹಾರಿತ್ತು. ಕಣದ ಅಂಚಿನ ತಟ್ಟಿಯೊಂದನ್ನು ಮಂಜಿ ಈಚೆ ಎಳೆದು ಹಾಕಿಕೊಂಡಿದ್ದಳು. ಯಾಕೆ ಎಳೆದಳೋ ಅವಳಿಗೇ ಇನ್ನೂ ಪೂರ್ತಿ ಗೊತ್ತಿರಲಿಲ್ಲ. ವೇದಾ ಅಲ್ಲಿಂದ ನೇರ ಭಾವನ ಜಗುಲಿಗೆ ಹೋದಳು. ಸಮಿತಿಯವರೆಲ್ಲ ಅಲ್ಲೇ ಕೂತು ಎಲೆಅಡಿಕೆಯ ಕವಳ ಹಾಕುತ್ತಿದ್ದರು.

ಗೋಡೆ ನಿಲ್ಲಿಸಬೇಕು, ಇಲ್ಲವೇ ತಗ್ಗಿಸಬೇಕು, ಅದೂ ಆಗದಿದ್ದರೆ ಬೇಲಿಯಿಂದ ದೂರ ಸರಿಸಬೇಕು ಎಂದು ಅವಳು ಹೇಳಿದಳು. ಯಾಕೆಂದು ಹೇಳಿದಳು. ಭಾವ ಪೂರ್ತಿ ಕೇಳಿಸಿಕೊಂಡರು. ಅವರಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೇ ಒಳ್ಳೆಯದಿತ್ತು.

"ಆಗ ನೀನೇ ಹೇಳಿದ್ದಲ್ದನೆ?" ಎಂದರು.

"ಆನೇ ಹೇಳಿದ್ದು ಭಾವ. ತಪ್ಪಾತು. ನಿಂಗ ಒಂದ್ಸಲ ಬಂದು ನೋಡಿ."

ಹತ್ತು ಜನ ಕಣ್ಣಾರೆ ಕಂಡದ್ದನ್ನು ಮತ್ತೇನು ನೋಡುವುದು, ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಅವರು ಕವಳದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಮಂಜಿ ವೀಳ್ಯ ತಗೊಂಡಾಗಿದೆ, ರಥಸಪ್ತಮಿಗೆ ಉದ್ಘಾಟನೆ ಮಾಡಬೇಕೆಂದು ಪೇಟೆಯ ದೊಡ್ಡವರಿಗೆ ಹೇಳಿಯೂ ಆಗಿದೆ. ಸಮಿತಿಯ ಇನ್ನೊಬ್ಬರು ಸಮಾಧಾನದ ಮಾತು ಎಂಬಂತೆ, ಚಳಿಗಾಲದಲ್ಲಿ ಸೂರ್ಯ ಹೇಗೂ ದೂರ ಹೋಗಿರುತ್ತಾನೆ, ಅದಕ್ಕೇ ಅಲ್ಲವೇ ಚಳಿ, ಆ ಬಡಕಲು ಬಿಸಿಲು ಹೋದರೆ ಹೋಯಿತು ಬಿಡಿ ಎಂದರು.

ವೇದಾ ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಅವಳ ಮರ್ಯಾದೆ ಉಳಿಯುತ್ತಿತ್ತೋ ಏನೋ. ಮುಚ್ಚಲಿಲ್ಲ. ಚಳಿಗಾಲದಲ್ಲಿ ಸೂರ್ಯ ದೂರ ಹೋಗುವುದಿಲ್ಲ, ನಿಜ ನೋಡಿದರೆ ಜನವರಿಯ ಮೊದಲ ವಾರದಲ್ಲೇ ಭೂಮಿ ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರ ಇರುತ್ತದೆ ಎಂದಳು. ಜಗುಲಿಯಲ್ಲಿ ನಗೆ ಹೊರಟಿತು. ಕವಳ ತುಂಬಿದ ಬಾಯಿಯಲ್ಲಿ ನಗಲಾರದೆ ಒಬ್ಬರು ಎದ್ದು ಅಂಗಳಕ್ಕೆ ಹೋದರು. ಚಳಿಯಲ್ಲಿ ಸೂರ್ಯ ಹತ್ತಿರ, ಸೆಕೆಯಲ್ಲಿ ದೂರ! ಒಲೆಯ ಹತ್ತಿರ ಹೋದರೆ ನಡುಕ ಬರುತ್ತದೆಯೇ ಅಕ್ಕೋರೆ ಎಂದು ಇನ್ನೊಬ್ಬರು ಕೇಳಿದರು. ಅವಳು ಟಾರ್ಚು ತರಿಸಿ ಗೋಡೆಗೆ ಹಿಡಿದು ತೋರಿಸಿದಳು. ನೆಟ್ಟಗೆ ಹಿಡಿದರೆ ಬೆಳಕು ಒಂದೇ ಕಡೆ ಗಟ್ಟಿಯಾಗಿ ಬೀಳುತ್ತದೆ, ಓರೆ ಹಿಡಿದರೆ ಅದೇ ಬೆಳಕು ಉದ್ದಕ್ಕೆ ಹರಡಿ ತೆಳುವಾಗುತ್ತದೆ, ಒಂದೇ ಸೌಟು ಹಿಟ್ಟನ್ನು ತೆಳ್ಳೇವು ದೋಸೆಗೆ ಹರಡಿದ ಹಾಗೆ. ಭೂಮಿ ಒಂದೇ ಕಡೆಗೆ ವಾಲಿಕೊಂಡೇ ಸೂರ್ಯನಿಗೆ ಸುತ್ತು ಬರುತ್ತದೆ, ಅದಕ್ಕೇ ಅರ್ಧ ವರ್ಷ ನಮ್ಮ ಮೇಲೆ ನೆಟ್ಟಗೆ, ಅರ್ಧ ವರ್ಷ ಓರೆ. ಚಳಿ ದೂರದ್ದಲ್ಲ, ಓರೆಯದ್ದು. ಹತ್ತಿರ ದೂರದ ಫರಕು ಅದರ ಮುಂದೆ ಲೆಕ್ಕಕ್ಕೇ ಇಲ್ಲ.

ನಗುವವರಿಗೆ ಟಾರ್ಚು ಕಾಣುವುದಿಲ್ಲ. ದಿನಕರ ಹೆಗಡೆಯವರು ಮಾತ್ರ ನಗಲಿಲ್ಲ. ಮನೆಯ ಹೆಂಗಸಿನ ಮಾತಿಗೆ ಊರು ನಗುವುದು ಅವರಿಗೆ ಬೇಕಿರಲಿಲ್ಲ. ಒಳಗೆ ಹೋಗಿ ಚಾ ನೋಡು ಎಂದು ಮೆಲ್ಲಗೆ ಹೇಳಿದರು. ವೇದಾ ಒಳಗೂ ಹೋಗಲಿಲ್ಲ, ಚಾವನ್ನೂ ನೋಡಲಿಲ್ಲ. ಅಂಗಳ ದಾಟಿ ಹೊರಟಳು. ಅವಳ ಗಂಡ ಹಿಂದಿನಿಂದ ಬಂದು, ಆದದ್ದು ಆಯಿತು, ಇನ್ನು ಸುಮ್ಮನಿರು ಎಂದ. ತಪ್ಪು ಹೇಳುವಾಗ ಯಾರೂ ಸುಮ್ಮನಿರು ಅನ್ನಲಿಲ್ಲವಲ್ಲ, ಸರಿ ಹೇಳುವಾಗ ಯಾಕೆ ಸುಮ್ಮನಿರಬೇಕು ಎಂದು ಅವಳು ಕೇಳಿದಳು.

ಮಂಜಿಗೆ ಅವಳು ಅವತ್ತೇ ಹೋಗಿ ಹೇಳಿದಳು. ಬೇಲಿಯ ಹತ್ತಿರ ನಿಂತು, ಕೈಯನ್ನು ಹೀಗೊಮ್ಮೆ ಹಾಗೊಮ್ಮೆ ವಾಲಿಸಿ, ಭೂಮಿ, ಸೂರ್ಯ, ಓರೆ ಬೆಳಕು ಎಲ್ಲ ವಿವರಿಸಿದಳು. ಮಂಜಿ ಹಣ್ಣು ಮಗುಚುವುದನ್ನು ನಿಲ್ಲಿಸದೆ ಕೇಳಿದಳು. ಕೊನೆಗೆ ತಲೆಯೆತ್ತಿದಳು.

"ಅಕ್ಕೋರೆ, ನಂಗೆ ಕಾರಣ ಬ್ಯಾಡ. ಬಿಸ್ಲು ಬೇಕು."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ವೇದಾಳದ್ದು ಒಂದು ವೀಳ್ಯದೆಲೆಗೆ ಹೋಗಿತ್ತು.

ಮಂಜಿ ಆಮೇಲೆ ಅವಳ ಹತ್ತಿರ ಮಾತು ಬಿಟ್ಟಳು. ಗೋಡೆ ಏರಿತು. ಆ ಊರಿನಲ್ಲಿ ಅಲ್ಲಿಯವರೆಗೆ ಎಲ್ಲ ಕಟ್ಟಡಕ್ಕೂ ಹಂಚಿನ ಮಾಡೇ ಇತ್ತು. ಭವನಕ್ಕೆ ಮಾತ್ರ ಮುಂದೆ ಮಾಳಿಗೆ ಏರಿಸಲು ಆಗಲೆಂದು ಸಿಮೆಂಟಿನ ಸಪಾಟು ತಾರಸಿ ಹಾಕಿಸಿ, ಹೊರಗಿನಿಂದ ಮೆಟ್ಟಿಲು ಮಾಡಿಸಿದರು. ಜನವರಿ ಬರುವಷ್ಟರಲ್ಲಿ, ಉದ್ದಕ್ಕೆ ಕಟ್ಟಿದ ಆ ಭವನದ ನೆರಳು ಅಗಲ ಕಡಿಮೆಯ ಆ ಕಣವನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಹೊದ್ದುಕೊಂಡು ಮಲಗಿತು. ಹೆಂಗಸರು ತಟ್ಟಿಗಳನ್ನು ಹೊತ್ತು ಬಿಸಿಲು ಹುಡುಕುತ್ತ ಅಲೆದರು. ರಸ್ತೆ ಬದಿಯಲ್ಲಿ ಹಾಕಿದರೆ ಬಸ್ಸಿನ ಧೂಳು, ಗುಡ್ಡದ ಮೇಲೆ ಹಾಕಿದರೆ ಮಂಗ. ಸುಲಿದ ಹಣ್ಣು ಕಾಯುವುದಿಲ್ಲ. ಒಂದು ಬೆಳಿಗ್ಗೆ ವೇದಾ ಬಸ್ಸಿಗೆ ಹೋಗುವಾಗ ಬೇಲಿಯಾಚೆಯಿಂದ ಹುಳಿ ವಾಸನೆ ಬಂತು. ಬೂಸ್ಟು ಹಿಡಿದ ಹಣ್ಣನ್ನು ಮಂಜಿ ಬುಟ್ಟಿಯಲ್ಲಿ ತುಂಬಿ ಗೊಬ್ಬರದ ಗುಂಡಿಗೆ ಸುರಿಯುತ್ತಿದ್ದಳು. ಇವಳ ಕಡೆ ತಿರುಗಿಯೂ ನೋಡಲಿಲ್ಲ. ಬಯ್ದಿದ್ದರೆ ವೇದಾ ಕೇಳಿಸಿಕೊಂಡು ಹಗುರಾಗುತ್ತಿದ್ದಳು, ಅಷ್ಟು ಸುಲಭಕ್ಕೆ ಬಿಡಲು ಮಂಜಿಗೆ ಮನಸ್ಸಿರಲಿಲ್ಲ.

ಅವತ್ತು ವೇದಾ ಶಾಲೆಗೆ ಹೋದರೂ ಮನಸ್ಸು ಪಾಠದಲ್ಲಿರಲಿಲ್ಲ. ಅವಳಿಗೆ ನಾಚಿಕೆಯಾಗಿತ್ತು, ನಾಚಿಕೆಗಿಂತ ಹೆಚ್ಚು ಸಿಟ್ಟು ಬಂದಿತ್ತು. ನಕ್ಕವರ ಮೇಲೆ ಸಿಟ್ಟು, ಹೊಗಳಿಕೆಗೆ ಬಾಯಿಬಿಟ್ಟ ತನ್ನ ಮೇಲೆ ಅದಕ್ಕಿಂತ ಹೆಚ್ಚು. ಕ್ಷಮೆ ಕೇಳಿದರೆ ಹಣ್ಣು ಒಣಗುವುದಿಲ್ಲ. ಹಾಗಾದರೆ ಹಣ್ಣು ಒಣಗುವುದು ಎಲ್ಲಿ? ನೆರಳೆಂದರೆ ಬೇರೇನೂ ಅಲ್ಲ, ಇಲ್ಲಿ ಬೀಳಬೇಕಾದ ಬಿಸಿಲನ್ನು ಯಾರೋ ಅಲ್ಲಿ ತಡೆದು ಇಟ್ಟುಕೊಂಡಿದ್ದಾರೆ ಅಂತ. ಸಂಜೆ ಬಸ್ಸಿಳಿದವಳು ಮನೆಗೆ ಹೋಗದೆ ಭವನದ ಹೊರಮೆಟ್ಟಿಲು ಹತ್ತಿದಳು. ಕಾಡಿನ ಮರಗಳಿಂದ ದೂರ, ಎತ್ತರದಲ್ಲಿ, ತಾರಸಿ ತೆರೆದುಕೊಂಡಿತ್ತು. ಸೂರ್ಯ ಮುಳುಗುವುದರಲ್ಲಿದ್ದ, ಸಿಮೆಂಟು ಇನ್ನೂ ಬಿಸಿಯಿತ್ತು. ಅವಳು ಚಪ್ಪಲಿ ಬಿಟ್ಟು ಅಂಗಾಲಿನಿಂದಲೇ ನೋಡಿದಳು.

ಅಲ್ಲಿಂದಿಳಿದು ಮಂಜಿಯ ಮನೆಗೆ ಹೋದಳು. ಮಂಜಿ ಬಾಗಿಲಿಗೆ ಬರಲಿಲ್ಲ, ಕೆರಿಯ ಬಂದ. ವೇದಾ ಅವನಿಗೇ ಹೇಳಿದಳು, ಒಳಗೆ ಕೇಳಲೆಂದು ಜೋರಾಗಿಯೇ ಹೇಳಿದಳು. ಇನ್ನು ಮೂರು ದಿನಕ್ಕೆ ರಥಸಪ್ತಮಿ. ಅಲ್ಲಿಯವರೆಗೆ ಮೆಟ್ಟಿಲಿಗೆ ಬಣ್ಣ ಬಳಿಯುತ್ತಾರಂತೆ, ಮೇಲೆ ಹೋಗಲು ಆಗುವುದಿಲ್ಲ. ಆ ದಿನ ಬೆಳಿಗ್ಗೆ ತಟ್ಟಿಗಳನ್ನು ತಾರಸಿಗೆ ಹೊರಬೇಕು, ತಾನೂ ಬರುತ್ತೇನೆ. ಕೆರಿಯ ಹೆದರಿದ. ಹೆಗಡೇರು ಸುಮ್ಮನೆ ಬಿಡುತ್ತಾರೆಯೇ, ಆ ದಿನವೇ ಯಾಕೆ, ಜನ ಹೋದ ಮೇಲೆ ಮಾರನೆಯ ದಿನ ಕದ್ದು ಹಾಕಿದರಾಗದೇ ಎಂದು ಕೇಳಿದ. ಕದ್ದು ಹಾಕಲು ಅದು ಕದ್ದ ಬಿಸಿಲಲ್ಲ ಎಂದಳು ವೇದಾ.

ರಥಸಪ್ತಮಿಯ ಬೆಳಿಗ್ಗೆ ಭವನದ ಮುಂದೆ ತೋರಣ, ಶಾಮಿಯಾನ, ಮೈಕು. ವೇದಾ ಸೀರೆಯ ಸೆರಗು ಸಿಕ್ಕಿಸಿ ಬೇಲಿ ದಾಟಿದಳು. ಮಂಜಿ ಬರುತ್ತಾಳೋ ಇಲ್ಲವೋ ಎಂಬುದು ಆ ಕ್ಷಣದವರೆಗೂ ಅವಳಿಗೆ ಗೊತ್ತಿರಲಿಲ್ಲ. ಅಂಗಳದಲ್ಲಿ ಹಣ್ಣು ಸುಲಿದು ತಟ್ಟಿಯಲ್ಲಿ ಹರಡಿ ಸಿದ್ಧವಾಗಿತ್ತು. ಮಂಜಿ ಒಂದು ತಟ್ಟಿಯ ಒಂದು ತುದಿ ಹಿಡಿದು ನಿಂತಿದ್ದಳು, ಇನ್ನೊಂದು ತುದಿ ಖಾಲಿಯಿತ್ತು. ವೇದಾ ಅದನ್ನು ಹಿಡಿದಳು. ಉಳಿದ ಹೆಂಗಸರು ಹಿಂದೆ ಬಂದರು. ಶಾಮಿಯಾನದ ಕುರ್ಚಿ ಜೋಡಿಸುತ್ತಿದ್ದವರು ಇದೂ ಕಾರ್ಯಕ್ರಮದ ಭಾಗವೇ ಇರಬೇಕೆಂದು ದಾರಿ ಬಿಟ್ಟುಕೊಟ್ಟರು.

ದಿನಕರ ಹೆಗಡೆಯವರ ಕಣ್ಣಿಗೆ ಬಿದ್ದಾಗ ತಾರಸಿಯ ಮುಕ್ಕಾಲು ತುಂಬಿತ್ತು. ಜರಿ ಶಾಲು ಹೊದ್ದವರು ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತ ನಿಂತರು. ದೊಡ್ಡವರ ಜೀಪು ಬರುವ ಹೊತ್ತಾಯಿತು, ಈಗಿಂದೀಗಲೇ ಎಲ್ಲ ಇಳಿಸಬೇಕು, ಊರಿನ ಮಾನದ ಪ್ರಶ್ನೆ ಎಂದರು. ತಮ್ಮನ ಹೆಂಡತಿಯೆಂದು ದನಿ ತಗ್ಗಿಸಿಯೇ ಹೇಳಿದರು.

"ಆನು ಇಳಿಸ್ತ್ನಿಲ್ಲೆ ಭಾವ" ಎಂದಳು ವೇದಾ. "ಕೆಳಗೆ ಬಿಸಿಲಿಲ್ಲೆ."

ಅಷ್ಟರಲ್ಲಿ ಜೀಪಿನ ಹಾರ್ನು ಕೇಳಿತು. ಭಾವ ಓಡಿದರು. ದೊಡ್ಡವರು ಇಳಿದರು, ಹಾರ ಬಿತ್ತು, ರಿಬ್ಬನು ಕತ್ತರಿಸಿಯಾಯಿತು. ಕುರ್ಚಿಯಲ್ಲಿ ಕೂತ ದೊಡ್ಡವರು ಕತ್ತೆತ್ತಿ, ಮೇಲೆ ಸಾಲಾಗಿ ನಿಂತ ಹೆಂಗಸರನ್ನು ನೋಡಿ ಅದೇನೆಂದು ಕೇಳಿದರು. ದಿನಕರ ಹೆಗಡೆಯವರು ಅಧ್ಯಕ್ಷಗಿರಿಯಲ್ಲಿ ಪಳಗಿದವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೈಕು ಹಿಡಿದು, ಉದ್ಘಾಟನೆಯ ನಿಮಿತ್ತ ನಮ್ಮೂರ ಮಹಿಳೆಯರು ತಯಾರಿಸಿದ ಸುಕೇಳಿಯ ಪ್ರದರ್ಶನವನ್ನು ಭವನದ ಮೇಲೆ ಏರ್ಪಡಿಸಲಾಗಿದೆ ಎಂದು ಘೋಷಿಸಿದರು. ಜನ ಚಪ್ಪಾಳೆ ತಟ್ಟಿದರು. ಕೆಳಗಿದ್ದ ಕೆರಿಯನ ಮುಖದಲ್ಲಿ ಹೋದ ಜೀವ ಬಂದಂತಾಯಿತು. ಇಲ್ಲಿಗೆ ಬಿಟ್ಟರೆ ಎಲ್ಲರ ಮಾನವೂ ಉಳಿಯುತ್ತಿತ್ತು, ಸಂಜೆಗೆ ತಟ್ಟಿಗಳೂ ಇಳಿಯುತ್ತಿದ್ದವು.

ವೇದಾ ತಾರಸಿಯ ಅಂಚಿಗೆ ಬಂದಳು. ಅವಳಿಗೆ ಮೈಕು ಬೇಕಿರಲಿಲ್ಲ, ಎಷ್ಟೋ ವರ್ಷ ಹಿಂದಿನ ಬೆಂಚಿನವರೆಗೆ ದನಿ ಮುಟ್ಟಿಸಿದವಳು.

ಇದು ಪ್ರದರ್ಶನವಲ್ಲ ಎಂದಳು. ಇದು ಮಂಜಿಯ ಕಣ. ಕೆಳಗಿದ್ದದ್ದು ಮೇಲೆ ಬಂದಿದೆ, ಯಾಕೆಂದರೆ ಅದರ ಬಿಸಿಲನ್ನು ಈ ಭವನ ತಲೆಯ ಮೇಲೆ ಹೊತ್ತು ಕೂತಿದೆ. ನೆರಳು ಬರುವುದಿಲ್ಲವೆಂದು ಮಂಜಿಗೆ ಹೇಳಿದವಳು ತಾನು, ಹೇಳಿದ್ದು ತಪ್ಪು, ಇದನ್ನು ಎಲ್ಲರ ಮುಂದೆ ಹೇಳಿದ್ದರಿಂದ ಎಲ್ಲರ ಮುಂದೆಯೇ ವಾಪಸು ತಗೊಳ್ಳುತ್ತೇನೆ ಎಂದಳು. ಆಮೇಲೆ ಪಾಠ ಮಾಡಿದಳು. ಬಾಗಿ ನಿಂತು, ಬಗ್ಗಿದ ತನ್ನ ತಲೆಯೇ ಭೂಮಿಯ ತಲೆಯೆಂದೂ, ನೀರಿನ ಟ್ಯಾಂಕಿಗೆ ಕಟ್ಟಿದ ಇಟ್ಟಿಗೆ ಕಂಬವೇ ಸೂರ್ಯನೆಂದೂ ತೋರಿಸಿ, ಮುಖವನ್ನು ಒಂದೇ ದಿಕ್ಕಿಗೆ ಇಟ್ಟುಕೊಂಡು ಕಂಬಕ್ಕೆ ಸುತ್ತು ಬಂದಳು. ಮಳೆ, ಚಳಿ, ಸೆಕೆ, ಹಗಲು ಉದ್ದವಾಗುವುದು, ಗಿಡ್ಡವಾಗುವುದು, ನೆರಳು ಆ ಕಡೆ ಈ ಕಡೆ ಹೊರಳುವುದು ಎಲ್ಲಕ್ಕೂ ಮೂಲ ಈ ವಾಲುವಿಕೆ, ಸೂರ್ಯ ಮುನಿಸಿಕೊಂಡು ದೂರ ಹೋಗುವುದಲ್ಲ ಎಂದಳು. ಜಗುಲಿಯಲ್ಲಿ ನಕ್ಕವರು ಅಲ್ಲೇ ಕೂತಿದ್ದರು. ಅವರಲ್ಲೊಬ್ಬರು ನಗಲು ಬಾಯಿ ತೆರೆದು, ಕಣ್ಣೆದುರು ಬೇಲಿಯಾಚೆ ಕಪ್ಪಗೆ ಮಲಗಿದ್ದ ನೆರಳನ್ನು ನೋಡಿ ಮುಚ್ಚಿದರು.

ದಿನಕರ ಹೆಗಡೆಯವರ ಕೈಯಲ್ಲಿ ಮೈಕು ಹಾಗೆಯೇ ಇತ್ತು. ಅವರು ಭಾವನ ಸ್ಥಾನದಲ್ಲಿ ಅಲ್ಲ, ಅಧ್ಯಕ್ಷರ ಸ್ಥಾನದಲ್ಲಿ ಕೇಳಿದರು.

"ಹಾಗಾದ್ರೆ ಇದು ಎಲ್ಲಿವರೆಗೆ ಇಲ್ಲಿ ಇರೋದು?"

"ಭೂಮಿ ನೆಟ್ಟಗೆ ನಿಲ್ಲೋ ತನಕ" ಎಂದಳು ವೇದಾ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ದೊಡ್ಡವರು ಗಡಿಯಾರ ನೋಡಿಕೊಂಡರು. ಶಾಮಿಯಾನದ ಹಿಂದುಗಡೆ ನಿಂತಿದ್ದ ಒಂದಿಬ್ಬರು ಹೆಂಗಸರು, ಆ ಕೇರಿಯವರೂ ಅಲ್ಲದವರು, ಸದ್ದಿಲ್ಲದೆ ಮುಂದೆ ಬಂದು ಮೆಟ್ಟಿಲ ಬುಡದಲ್ಲಿ ಅಡ್ಡಕ್ಕೆ ಕೂತರು. ತಟ್ಟಿ ಇಳಿಸಲೆಂದು ಮೇಲೆ ಹೊರಟಿದ್ದ ಗಂಡಸರು ಅವರನ್ನು ದಾಟಿ ಹೋಗುವುದು ಹೇಗೆಂದು ತಿಳಿಯದೆ ಹಿಂದೆ ಸರಿದರು. ಭಾವ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ವಂದನಾರ್ಪಣೆ ಎಂದರು.

ಇವತ್ತು ಸಂಜೆ ಮನೆಯಲ್ಲಿ ಏನು ಕಾದಿದೆಯೆಂದು ವೇದಾಳಿಗೆ ಗೊತ್ತಿತ್ತು, ನಾಳೆ ಯಾರು ಮಾತು ಬಿಡುತ್ತಾರೆಂಬುದೂ ಗೊತ್ತಿತ್ತು. ಆದರೂ ಎಷ್ಟೋ ತಿಂಗಳ ಮೇಲೆ ಎದೆ ಹಗುರಾಗಿತ್ತು. ಸೂರ್ಯನಿಗೆ ಮುಖವೊಡ್ಡಿ, ಸೊಂಟಕ್ಕೆ ಕೈಯಿಟ್ಟು, ಕೆಳಗಿನ ಇಡೀ ಊರನ್ನು ನೋಡುತ್ತ ಅವಳು ಹಾಗೆಯೇ ನಿಂತುಬಿಟ್ಟಳು. ಹಿಂದೆ ಮಂಜಿ ತೆಳುಬಟ್ಟೆ ಸರಿಸಿ ಹಣ್ಣು ಮಗುಚುತ್ತಿದ್ದಳು. ಹಣ್ಣಿನ ಮೈ ಆಗಲೇ ಬೆಚ್ಚಗಾಗಿತ್ತು.

"ಅಕ್ಕೋರೆ" ಎಂದಳು ಮಂಜಿ. ಎಷ್ಟೋ ದಿನಕ್ಕೆ ಅವಳು ಆಡಿದ ಮೊದಲ ಮಾತು ಅದು. ವೇದಾ ತಿರುಗಿದಳು.

"ಸ್ವಲ್ಪ ಅತ್ಲಾಗೆ ಸರೀರಿ. ನಿಮ್ಮ ನೆರಳು ಬೀಳ್ತದೆ."

ವೇದಾ ಸರಿದಳು.